ಹುಲ್ಲುಹಾಸಿಗೆ ಬದಲಿ ತೋರಿಸುವ ತೋಟ: ಎಪ್ರಿಲ್‌ನಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ

ಕಾರವಾರದ ಹೊರವಲಯದಲ್ಲಿ, ಗುಡ್ಡದ ಬುಡದಿಂದ ಕಡಲತೀರದ ಉಸುಕಿನ ಕಡೆಗೆ ಇಳಿಯುವ ಸುಮಾರು ಅರ್ಧ ಎಕರೆ ಜಾಗದಲ್ಲಿ, ಮನೆಯ ಮುಂದಿನ ಹುಲ್ಲುಹಾಸಿನ ಬದಲಿಗೆ ಕಡಿಮೆ ನೀರಿನಲ್ಲಿ ಏನೇನು ಬೆಳೆಸಬಹುದು ಎಂಬುದನ್ನು ತೋರಿಸುವುದಕ್ಕಾಗಿಯೇ ಮಾಡಿದ ಸಾರ್ವಜನಿಕ ತೋಟವೊಂದಿದೆ. ಅದನ್ನು ನಾನು ಎರಡು ಸಲ ನೋಡಿದ್ದೇನೆ. ಮೊದಲ ಸಲ ಎಪ್ರಿಲ್ ಕೊನೆಯಲ್ಲಿ, ಬಾವಿಗಳು ತಳ ಕಾಣುವ ಹೊತ್ತಿನಲ್ಲಿ. ಎರಡನೆಯ ಸಲ ಆಗಸ್ಟ್ ನಡುವೆ, ಮೂರು ದಿನ ಬಿಡದೆ ಮಳೆ ಹೊಯ್ದ ಮರುದಿನ. ಒಂದೇ ಸಲ ನೋಡಿ ಬರೆದಿದ್ದರೆ ಈ ವಿಮರ್ಶೆ ಪೂರ್ತಿ ಬೇರೆಯಾಗುತ್ತಿತ್ತು. ಎಪ್ರಿಲ್‌ನಲ್ಲಿ ನಾನು ಮೆಚ್ಚಿದ್ದ ತಾಕು ಆಗಸ್ಟ್‌ನಲ್ಲಿ ಸೋತಿತ್ತು, ಎಪ್ರಿಲ್‌ನಲ್ಲಿ ಗಮನಿಸದೆ ದಾಟಿ ಹೋಗಿದ್ದ ತಾಕೊಂದು ಆಗಸ್ಟ್‌ನಲ್ಲಿ ನನ್ನನ್ನು ಅರ್ಧ ಗಂಟೆ ನಿಲ್ಲಿಸಿಕೊಂಡಿತು.

ನಾನು ಅಲ್ಲಿಗೆ ಹೋದದ್ದು ಕುತೂಹಲಕ್ಕಲ್ಲ. ಕಾರವಾರದ ನಮ್ಮ ಮನೆಯ ಮುಂದೆ ಒಂದು ಗುಂಟೆಯಷ್ಟು ಜಾಗದಲ್ಲಿ ಎಂಟು ವರ್ಷಗಳ ಹಿಂದೆ ಮೆಕ್ಸಿಕನ್ ಹುಲ್ಲಿನ ಚಾಪೆಗಳನ್ನು ತರಿಸಿ ಹಾಸಿಸಿದ್ದೆವು. ಮೊದಲ ಎರಡು ಬೇಸಿಗೆ ಅದು ಹಸಿರಾಗಿಯೇ ಇತ್ತು, ಏಕೆಂದರೆ ಬೆಳಿಗ್ಗೆ ಮತ್ತು ಸಂಜೆ ಬಾವಿಯ ನೀರನ್ನು ಪಂಪಿನಿಂದ ಎತ್ತಿ ಅದಕ್ಕೆ ಬಿಡುತ್ತಿದ್ದೆವು. ಮೂರನೆಯ ಬೇಸಿಗೆಯ ಎಪ್ರಿಲ್ ಹೊತ್ತಿಗೆ ಬಾವಿಯ ನೀರು ಸವಳಾಯಿತು. ಕಡಲಿಗೆ ಹತ್ತಿರದ ಬಾವಿಯಲ್ಲಿ ಸಿಹಿನೀರನ್ನು ಅತಿಯಾಗಿ ಎತ್ತಿದರೆ ಅಡಿಯಿಂದ ಉಪ್ಪುನೀರು ಒಳಸರಿಯುತ್ತದೆ ಎಂಬುದನ್ನು ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು, ಅದೇ ತಪ್ಪನ್ನು ನನ್ನ ಮನೆಯ ಬಾವಿಗೆ ಮಾಡಿದ್ದೆ. ಆ ವರ್ಷ ಅನ್ನ ಬೇಯಿಸಲು ಪಕ್ಕದ ಮನೆಯಿಂದ ಕೊಡಪಾನದಲ್ಲಿ ನೀರು ತಂದೆವು. ಅಂದಿನಿಂದ ಆ ಹುಲ್ಲನ್ನು ನೋಡಿದಾಗಲೆಲ್ಲ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ತೋಟದ ಗೇಟಿನ ಒಳಗೆ ಕಾಲಿಟ್ಟ ಕೂಡಲೇ ಸಿಗುವ ಫಲಕ ಈ ಲೆಕ್ಕವನ್ನೇ ಹೇಳುತ್ತದೆ, ಮತ್ತು ಅದನ್ನು ಹೇಳುವ ಕ್ರಮ ನನಗೆ ಬಹಳ ಇಷ್ಟವಾಯಿತು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಬೇಸಿಗೆಯಲ್ಲಿ ಹುಲ್ಲುಹಾಸು ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಒಂದು ಗುಂಟೆ ಎಂದರೆ 101 ಚದರ ಮೀಟರ್; ಹಾಗಾದರೆ ದಿನಕ್ಕೆ 500 ಲೀಟರ್, ಫೆಬ್ರವರಿ ಒಂದರಿಂದ ಮೇ ಕೊನೆಯವರೆಗಿನ 120 ದಿನಕ್ಕೆ 60,000 ಲೀಟರ್, ಅಂದರೆ ಐದು ಸಾವಿರ ಲೀಟರಿನ ಹನ್ನೆರಡು ಟ್ಯಾಂಕರು. ಹಳ್ಳಿಯ ಮನೆಗೆ ನಲ್ಲಿ ನೀರು ಕೊಡುವ ಜಲಜೀವನ ಯೋಜನೆ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಅಳತೆ ಇಟ್ಟುಕೊಂಡಿದೆ. ಆ ಲೆಕ್ಕದಲ್ಲಿ ನಮ್ಮ ಮನೆಯ ಹುಲ್ಲು ಒಂಬತ್ತು ಜನರ ನೀರನ್ನು ಕುಡಿಯುತ್ತಿತ್ತು. ಇಷ್ಟನ್ನೂ ಫಲಕ ನಾಲ್ಕು ಸಾಲಿನಲ್ಲಿ, ದೊಡ್ಡ ಅಕ್ಷರದಲ್ಲಿ, ಏಳನೆಯ ತರಗತಿಯ ಮಗುವೂ ಮನಸ್ಸಿನಲ್ಲೇ ಗುಣಿಸಿ ನೋಡುವಂತೆ ಬರೆದಿದೆ. ನಾನಾಗಿದ್ದರೆ ಅದರ ಕೆಳಗೆ ಇನ್ನೊಂದು ಸಾಲು ಸೇರಿಸುತ್ತಿದ್ದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು. ಅದೇ ಒಂದು ಗುಂಟೆಯ ಮೇಲೆ ಆಕಾಶದಿಂದಲೇ ಮೂರು ಲಕ್ಷ ಲೀಟರ್ ಬಂದು ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ.

ಈ ಎರಡನೆಯ ಸಾಲನ್ನು ಬರೆಯದೆ ಬಿಟ್ಟದ್ದರ ಪರಿಣಾಮ ತೋಟದ ಮೊದಲನೆಯ ತಾಕಿನಲ್ಲಿಯೇ ಕಾಣುತ್ತದೆ. ಕಡಿಮೆ ನೀರಿನ ತೋಟಗಾರಿಕೆಗೆ ಈಗ ಜಗತ್ತಿನಲ್ಲೆಲ್ಲ ಬಳಕೆಯಾಗುವ ‘ಜೆರಿಸ್ಕೇಪ್’ ಎಂಬ ಹೆಸರು ಹುಟ್ಟಿದ್ದು 1981ರಲ್ಲಿ, ಅಮೆರಿಕದ ಡೆನ್ವರ್ ನಗರದ ನೀರು ಸರಬರಾಜು ಸಂಸ್ಥೆಯಲ್ಲಿ. ಅಲ್ಲಿ ವರ್ಷದ ಸರಾಸರಿ ಮಳೆ ನಾನೂರು ಮಿಲಿಮೀಟರ್ ಕೂಡ ದಾಟುವುದಿಲ್ಲ. ಲಾಸ್ ವೇಗಸ್ ಇರುವ ನೆವಾಡಾ ರಾಜ್ಯ ಇನ್ನೂ ಒಣ ಪ್ರದೇಶ. ರಸ್ತೆಯ ನಡುವೆ, ಕಚೇರಿಯ ಮುಂದೆ, ಯಾರೂ ತುಳಿಯದೆ ಬರೀ ನೋಟಕ್ಕೆಂದು ಇರುವ ಹುಲ್ಲುಹಾಸಿಗೆ 2026ರ ನಂತರ ಕೊಲೊರಾಡೊ ನದಿಯ ನೀರು ಹಾಯಿಸಬಾರದು ಎಂದು ಆ ರಾಜ್ಯ 2021ರಲ್ಲಿ ಕಾನೂನನ್ನೇ ಮಾಡಿತು. ಅಂಥ ನೆಲದಲ್ಲಿ ಬೆಣಚುಕಲ್ಲು ಹರಡಿ ಕಳ್ಳಿ ನೆಟ್ಟರೆ ಅದು ಆ ನೆಲದ ಸಹಜ ತೋಟ. ಇಲ್ಲಿಯ ಮೊದಲ ತಾಕಿನಲ್ಲಿ ಅದೇ ಚಿತ್ರವನ್ನು ಕಾರವಾರಕ್ಕೆ ತಂದಿಟ್ಟಿದ್ದಾರೆ: ಹೊಳೆಯ ನುಣುಪುಗಲ್ಲು, ಭೂತಾಳೆ, ಲೋಳೆಸರ, ಪಾಪಾಸುಕಳ್ಳಿ, ಅಂಚಿನಲ್ಲಿ ಬಣ್ಣಬಣ್ಣದ ಹತ್ತು ಗಂಟೆ ಹೂವಿನ ಗಿಡ. ಎಪ್ರಿಲ್‌ನಲ್ಲಿ ಅದು ನಿಜವಾಗಿಯೂ ಚೆಂದವಿತ್ತು, ಬಂದವರೆಲ್ಲ ಅಲ್ಲೇ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು. ಆಗಸ್ಟ್‌ನಲ್ಲಿ ಲೋಳೆಸರದ ಬುಡ ಕೈಯಿಂದ ಮುಟ್ಟಿದರೆ ಕಳಚಿ ಬರುವಷ್ಟು ಕೊಳೆತಿತ್ತು, ಹತ್ತು ಗಂಟೆ ಹೂವಿನ ಗಿಡಗಳು ಇದ್ದ ಗುರುತೂ ಇರಲಿಲ್ಲ, ಕಲ್ಲುಗಳ ಸಂದಿಯಲ್ಲಿ ಮೊಳಕಾಲೆತ್ತರದ ಕಳೆ ಬೆಳೆದಿತ್ತು. ಕಲ್ಲಿನ ನಡುವಿನಿಂದ ಕಳೆ ಕೀಳುವುದು ಮಣ್ಣಿನಿಂದ ಕೀಳುವುದಕ್ಕಿಂತ ಎಷ್ಟು ಕಷ್ಟವೆಂದು ಮಾಡಿದವರಿಗೇ ಗೊತ್ತು.

ಅಲ್ಲಿ ಕಳೆ ಕೀಳುತ್ತಿದ್ದ ಹಿರಿಯ ಮಾಲಿಯವರನ್ನು ನಾನು ಆ ದಿನ ಕೇಳಿದೆ, ಈ ತೋಟದಲ್ಲಿ ಗಿಡ ಸಾಯುವುದು ಯಾವಾಗ ಹೆಚ್ಚು ಎಂದು. ಅವರು ಯೋಚಿಸದೆ ಉತ್ತರ ಕೊಟ್ಟರು: “ಬೇಸಿಗೆಗೆ ಸತ್ತದ್ದು ಕಮ್ಮಿ ಅಕ್ಕೋರೇ, ಮಳೆಗೆ ಕೊಳೆತದ್ದೇ ಜಾಸ್ತಿ.” ನಮ್ಮ ಜಿಲ್ಲೆಯಲ್ಲಿ ಕಡಿಮೆ ನೀರಿನ ಗಿಡವನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆ ಇದೇ ಎಂದು ನನಗೆ ಆಗ ಸ್ಪಷ್ಟವಾಯಿತು. ಆರು ತಿಂಗಳು ನೀರಿಲ್ಲದೆ ಬದುಕುವ ಗಿಡ ಸಾಲದು. ನಾಲ್ಕು ತಿಂಗಳು ಒದ್ದೆ ಕಾಲಿನಲ್ಲಿ ನಿಂತು, ಆಮೇಲೆ ಆರು ತಿಂಗಳು ನೀರಿಲ್ಲದೆ ಬದುಕುವ ಗಿಡ ಬೇಕು. ಉಳಿದ ತಾಕುಗಳನ್ನು ನಾನು ಈ ಒಂದೇ ಅಳತೆಯಿಂದ ನೋಡಿದೆ.

ಆ ಅಳತೆಯಲ್ಲಿ ಎಲ್ಲಕ್ಕಿಂತ ಮೇಲೆ ನಿಲ್ಲುವುದು ಐದನೆಯ ತಾಕಿನ ನೆಲಹಿಪ್ಪಲಿ. ಎಪ್ರಿಲ್‌ನಲ್ಲಿ ನಾನು ಗಮನಿಸದೆ ದಾಟಿದ್ದು ಇದನ್ನೇ, ಏಕೆಂದರೆ ಗದ್ದೆಯ ಬದುವಿನ ಮೇಲೆ, ಕೆರೆಯ ದಂಡೆಯಲ್ಲಿ ಚಿಕ್ಕಂದಿನಿಂದ ತುಳಿದುಕೊಂಡು ಬಂದ ಗಿಡ ಅದು, ಅದನ್ನು ತೋಟವೆಂದು ನೋಡುವ ಕಣ್ಣು ನನಗಿರಲಿಲ್ಲ. ನೆಲಕ್ಕೆ ಅಂಟಿ ಹರಡುವ ದಂಟು, ಗೆಣ್ಣುಗೆಣ್ಣಿಗೂ ಬೇರು, ಅಂಚಿನಲ್ಲಿ ಹಲ್ಲಿರುವ ಸಣ್ಣ ಎಲೆ, ಹಿಪ್ಪಲಿಕಾಯಿಯ ಆಕಾರದ ತಲೆಯ ಸುತ್ತ ಬಳೆಯಂತೆ ಅರಳುವ ಬಿಳಿ-ನೇರಳೆ ಹೂ. ಆಗಸ್ಟ್‌ನಲ್ಲಿ ಈ ತಾಕಿನ ಕೆಳಗಿನ ಅರ್ಧದಲ್ಲಿ ಎರಡು ಬೆರಳು ನೀರು ನಿಂತಿತ್ತು, ಗಿಡ ಆ ನೀರಿನೊಳಗೇ ಹಸಿರಾಗಿತ್ತು. ಬೇಸಿಗೆಯಲ್ಲಿ ಇದಕ್ಕೆ ವಾರಕ್ಕೆ ಒಮ್ಮೆ ನೀರು ಬಿಡುತ್ತಾರಂತೆ, ಮೇ ತಿಂಗಳಲ್ಲಿ ಅದನ್ನೂ ನಿಲ್ಲಿಸುತ್ತಾರೆ; ಎಲೆ ಕಿರಿದಾಗಿ ಸ್ವಲ್ಪ ಕೆಂಪಾಗುತ್ತದೆ, ಸಾಯುವುದಿಲ್ಲ. ಕತ್ತರಿಸುವ ಯಂತ್ರ ಬೇಕಿಲ್ಲ, ಓಡಾಡಿದಷ್ಟೂ ಗಿಡ ತಗ್ಗಾಗಿ ದಟ್ಟವಾಗುತ್ತದೆ. ನಾನು ಚಪ್ಪಲಿ ಬಿಟ್ಟು ಅದರ ಮೇಲೆ ನಡೆದು ನೋಡಿದೆ. ಹುಲ್ಲಿನಷ್ಟು ಮೆತ್ತಗಿಲ್ಲ, ಆದರೆ ತಂಪಾಗಿದೆ, ಕಾಲಿಗೆ ಚುಚ್ಚುವುದಿಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ತೋಟದವರು ಫಲಕದಲ್ಲಿ ಬರೆಯಲೇಬೇಕಿತ್ತು: ಇದರ ಹೂವಿಗೆ ಜೇನ್ನೊಣ ಬಹಳ ಬರುತ್ತದೆ, ಬರಿಗಾಲಿನಲ್ಲಿ ಓಡುವ ಮಕ್ಕಳಿರುವ ಮನೆಯವರು ಹೂಬಿಡುವ ಕಾಲದಲ್ಲಿ ತುದಿಗಳನ್ನು ಒಮ್ಮೆ ಕೊಯ್ದು ಬಿಡುವುದು ಒಳ್ಳೆಯದು.

ಪಕ್ಕದ ತಾಕಿನಲ್ಲಿ ಹಳದಿ ಹೂವಿನ ಅಲಂಕಾರಿಕ ನೆಲಗಡಲೆ ಇದೆ, ನರ್ಸರಿಗಳಲ್ಲಿ ಪಿಂಟೋಯ್ ಎಂದು ಮಾರುವುದು ಇದನ್ನೇ. ಬ್ರೆಜಿಲ್ ಮೂಲದ ಈ ಗಿಡ ಬೇರಿನ ಗಂಟುಗಳ ಮೂಲಕ ಮಣ್ಣಿಗೆ ಸಾರಜನಕ ಸೇರಿಸುತ್ತದೆ, ನೆರಳನ್ನು ಸಹಿಸುತ್ತದೆ. ಆದ್ದರಿಂದ ತೆಂಗು ಅಥವಾ ಅಡಿಕೆಯ ಅಡಿಯಲ್ಲಿ ಚೆನ್ನಾಗಿ ಬರುತ್ತದೆ. ಪೂರ್ತಿ ಬಿಸಿಲಿನ ಅರ್ಧ ಭಾಗದಲ್ಲಿ ಎಪ್ರಿಲ್‌ನಲ್ಲಿ ಅದು ಬಾಡಿತ್ತು, ಮಾವಿನ ನೆರಳಿನ ಅರ್ಧದಲ್ಲಿ ಹೊಳೆಯುತ್ತಿತ್ತು. ಈ ವ್ಯತ್ಯಾಸವನ್ನು ಒಂದೇ ತಾಕಿನಲ್ಲಿ ಕಣ್ಣಾರೆ ಕಾಣುವಂತೆ ನೆಟ್ಟಿರುವುದು ಯೋಚಿಸಿ ಮಾಡಿದ ಕೆಲಸ. ಗರಿಕೆಯ ತಾಕು ಚಿಕ್ಕದು, ಅದರ ಬಗ್ಗೆ ಹೇಳುವುದೂ ಕಡಿಮೆ: ನೀರು ಹಾಕದಿದ್ದರೆ ಮಾರ್ಚ್‌ನಲ್ಲಿ ಒಣಗುತ್ತದೆ, ಮೊದಲ ಮಳೆಗೆ ಬೇರಿನಿಂದ ಮತ್ತೆ ಚಿಗುರುತ್ತದೆ, ಚೌತಿಯ ಹೊತ್ತಿಗೆ ಗಣಪತಿಗೆ ಏರಿಸುವಷ್ಟು ಬೆಳೆದಿರುತ್ತದೆ.

ಕಡಲಿಗೆ ಹತ್ತಿರದ ಕೊನೆಯಲ್ಲಿ ಮಣ್ಣೇ ಇಲ್ಲ, ಬರೀ ಉಸುಕು. ಅಲ್ಲಿ ಬೇರೆ ಕಡೆಯಿಂದ ಕೆಂಪುಮಣ್ಣು ತಂದು ಸುರಿಯದೆ, ಉಸುಕಿನಲ್ಲೇ ಬದುಕುವುದನ್ನು ನೆಟ್ಟಿದ್ದಾರೆ, ಅದಕ್ಕಾಗಿ ಅವರನ್ನು ಮೆಚ್ಚಬೇಕು. ಆಡಿನ ಗೊರಸಿನಂತೆ ಸೀಳಿದ ಎಲೆಯ ಅಡುಂಬು ಬಳ್ಳಿ ನೆಲವನ್ನು ಪೂರ್ತಿ ಮುಚ್ಚಿದೆ, ಬೆಳಿಗ್ಗೆ ಎಂಟರ ಹೊತ್ತಿಗೆ ಹೋದರೆ ತುತ್ತೂರಿಯಂಥ ನೇರಳೆ ಹೂಗಳು ತುಂಬಿರುತ್ತವೆ, ಮಧ್ಯಾಹ್ನ ಕಳೆದರೆ ಮುದುಡುತ್ತವೆ. ಕಡಲ ಉಪ್ಪುಗಾಳಿ, ಸುಡುವ ಉಸುಕು, ಮಳೆಗಾಲದ ಅಲೆಯ ಹನಿ ಎಲ್ಲವನ್ನೂ ತಾಳಿಕೊಂಡು ಗೆಣ್ಣಿನ ಬೇರುಗಳಿಂದ ಉಸುಕನ್ನು ಹಿಡಿದಿಡುವ ಈ ಬಳ್ಳಿಗೆ ನೆಟ್ಟ ಮೊದಲ ತಿಂಗಳ ನಂತರ ಯಾರೂ ನೀರು ಹಾಕಿಲ್ಲ. ತೀರದ ಮನೆಗಳವರು ಇದನ್ನು ಕಿತ್ತು ಹುಲ್ಲು ಹಾಸಿಸುವುದನ್ನು ಕಂಡಾಗಲೆಲ್ಲ ನನಗೆ ದುಃಖವಾಗುತ್ತದೆ. ಇದರ ನಡುವಿನ ಕಾಲುದಾರಿಗೆ ಬೆಳಚಿನ, ಅಂದರೆ ತಿನ್ನುವ ಕಪ್ಪೆಚಿಪ್ಪಿನ, ಚಿಪ್ಪು ಹಾಸಿದ್ದಾರೆ. ನೀರು ಸಲೀಸಾಗಿ ಇಂಗುತ್ತದೆ, ಮಳೆಯಲ್ಲೂ ಕಾಲು ಹೂಳುವುದಿಲ್ಲ. ಚಿಪ್ಪು ಮುರಿದ ಕಡೆ ಅಂಚು ಹರಿತವಾಗಿದೆ, ಚಪ್ಪಲಿ ಬಿಡಬಾರದು.

ಗುಡ್ಡದ ಕಡೆಯ ಚಿರೆಕಲ್ಲಿನ ಇಳಿಜಾರನ್ನು ನೋಡಲು ನಾನು ಹೆಚ್ಚು ಹೊತ್ತು ತೆಗೆದುಕೊಂಡೆ. ಶಿರಸಿಯ ಕಡೆ ಹುಟ್ಟಿ ಬೆಳೆದ ನನಗೆ ಅದು ಊರಿನ ಬ್ಯಾಣವನ್ನು, ಅಂದರೆ ಹುಲ್ಲಿಗೆಂದು ಬಿಟ್ಟ ಗುಡ್ಡದ ಬಯಲನ್ನು, ನೆನಪಿಸಿತು. ಇಳಿಜಾರಿಗೆ ಅಡ್ಡವಾಗಿ, ಎರಡೆರಡು ಮೀಟರಿಗೆ ಒಂದರಂತೆ, ಲಾವಂಚದ ಸಾಲುಗಳಿವೆ. ಲಾವಂಚದ ಬೇರು ಪಕ್ಕಕ್ಕೆ ಹರಡದೆ ನೇರ ಕೆಳಗೆ ಮೂರು ಮೀಟರಿನವರೆಗೂ ಇಳಿಯುವುದರಿಂದ ಸಾಲುಗಳು ಗೋಡೆಯಂತೆ ನಿಂತು ಹರಿಯುವ ನೀರನ್ನು ತಡೆದು ಇಂಗಿಸುತ್ತವೆ. ಆಗಸ್ಟ್‌ನಲ್ಲಿ ಸಾಲಿನ ಮೇಲ್ಬದಿಯಲ್ಲಿ ಕೆಂಪುನೀರು, ಕೆಳಬದಿಯಲ್ಲಿ ಬಹುಪಾಲು ತಿಳಿನೀರು ಇದ್ದುದನ್ನು ನಾನೇ ನೋಡಿದೆ. ಸಾಲುಗಳ ನಡುವೆ ಕೇಪಳ, ಕವಳಿ, ಗೋರಟೆಯ ಪೊದೆಗಳಿವೆ. ಇವೆಲ್ಲ ಗುಡ್ಡದ ಮೇಲೆ ತಮ್ಮಷ್ಟಕ್ಕೆ ಬೆಳೆಯುವಂಥವು, ಯಾರ ನೀರನ್ನೂ ಕಾಯುವುದಿಲ್ಲ. ಉಳಿದ ಜಾಗವನ್ನು ಕರಡಕ್ಕೆ ಬಿಟ್ಟಿದ್ದಾರೆ. ಎಪ್ರಿಲ್‌ನಲ್ಲಿ ಅದು ಒಣಗಿದ ಹೊಂಬಣ್ಣದ ಹುಲ್ಲು, ಆಗಸ್ಟ್‌ನಲ್ಲಿ ಸೊಂಟದೆತ್ತರದ ಹಸಿರು, ನಡುನಡುವೆ ಕರ್ಣಕುಂಡಲದ ಹೂ. ಜೊತೆಗೆ ಬಂದಿದ್ದ ನನ್ನ ತಂಗಿ ಎಪ್ರಿಲ್‌ನಲ್ಲಿ “ಅಕ್ಕಾ, ಇದನ್ನೇಕೆ ಕೊಯ್ಯದೆ ಹಾಗೇ ಬಿಟ್ಟಿದ್ದಾರೆ, ಹಾಳು ಬಿದ್ದಂತೆ ಕಾಣುತ್ತದೆ” ಎಂದಳು. ಅವಳ ಮಾತಿನಲ್ಲಿ ಸತ್ಯವಿದೆ, ಏಕೆಂದರೆ ಬ್ಯಾಣವನ್ನು ಬ್ಯಾಣವೆಂದು ತಿಳಿಯದವರಿಗೆ ಅದು ನಿರ್ಲಕ್ಷ್ಯದಂತೆಯೇ ಕಾಣುತ್ತದೆ. ಬೇಸಿಗೆಯಲ್ಲಿ ಹುಲ್ಲು ಒಣಗುವುದು ಅದರ ಸಾವಲ್ಲ, ಅದು ವಿಶ್ರಾಂತಿಯ ಕಾಲ ಎಂಬ ಒಂದು ವಾಕ್ಯ ಅಲ್ಲಿ ಬೇಕಿತ್ತು. ಸುತ್ತ ಒಂದು ಮೊಳ ಅಗಲಕ್ಕೆ ಕೊಯ್ದು ಅಂಚು ಕಟ್ಟಿದ್ದರೂ ಸಾಕಿತ್ತು, ಅದು ಬೇಕೆಂದೇ ಬಿಟ್ಟದ್ದು ಎಂದು ಬಂದವರಿಗೆ ತಿಳಿಯುತ್ತಿತ್ತು.

ಫಲಕಗಳ ಬಗ್ಗೆ ನನ್ನ ದೂರು ಇಲ್ಲಿಗೆ ಮುಗಿಯುವುದಿಲ್ಲ. ಗೇಟಿನ ಫಲಕವನ್ನು ಅಷ್ಟು ಚೆನ್ನಾಗಿ ಬರೆದವರು ತಾಕುಗಳ ಮುಂದೆ ಸಸ್ಯದ ವೈಜ್ಞಾನಿಕ ಹೆಸರನ್ನು ಮಾತ್ರ ಇಂಗ್ಲಿಷ್ ಲಿಪಿಯಲ್ಲಿ ಬರೆದು ಬಿಟ್ಟಿದ್ದಾರೆ. ಕೇಪಳವನ್ನು ಕೇಪಳ ಎಂದು, ಲಾವಂಚವನ್ನು ಲಾವಂಚ ಎಂದು ಬರೆದಿದ್ದರೆ ನೋಡಲು ಬಂದ ಅರ್ಧ ಜನಕ್ಕೆ ‘ಇದು ನಮ್ಮ ಹಿತ್ತಿಲಲ್ಲೇ ಇದೆಯಲ್ಲ’ ಎಂದು ಅನ್ನಿಸುತ್ತಿತ್ತು. ಈ ತೋಟ ಅವರಿಗೆ ತಿಳಿಸಬೇಕಾದದ್ದೂ ಅದನ್ನೇ. ಇನ್ನೂ ದೊಡ್ಡ ತಪ್ಪು ಏಳನೆಯ ತಾಕಿನಲ್ಲಿದೆ. ಅಲ್ಲಿ ಹಳದಿ ಸೇವಂತಿಗೆಯಂಥ ಹೂ ಬಿಡುವ ವೆಡೇಲಿಯಾ ಬಳ್ಳಿಯನ್ನು ‘ಆರೈಕೆ ಬೇಡದ ನೆಲಹೊದಿಕೆ’ ಎಂದು ತೋರಿಸಿದ್ದಾರೆ. ಆರೈಕೆ ಬೇಡ ಎಂಬುದು ನಿಜ. ಆದರೆ ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಈ ಗಿಡ ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿರುವಂಥದ್ದು, ದಂಟಿನ ಒಂದು ತುಂಡು ಬಿದ್ದರೂ ಬೇರು ಬಿಡುತ್ತದೆ, ಕಾಲುವೆಯ ನೀರಿನಲ್ಲಿ ತೇಲಿಹೋದರೆ ಹೋದಲ್ಲೆಲ್ಲ ಹಬ್ಬುತ್ತದೆ. ಆಗಸ್ಟ್‌ನಲ್ಲಿ ಅದು ತಾಕಿನ ಕಟ್ಟೆ ದಾಟಿ ಬಸಿಗಾಲುವೆಯೊಳಗೆ ಇಳಿದಿತ್ತು. ಗುಡ್ಡ, ಕಾಡು, ಗದ್ದೆ ಒಂದಕ್ಕೊಂದು ತಾಗಿಕೊಂಡಿರುವ ನಮ್ಮ ಜಿಲ್ಲೆಯಲ್ಲಿ ಇಂಥ ಗಿಡವನ್ನು ಮಾದರಿಯಾಗಿ ತೋರಿಸುವುದು ಸರಿಯಲ್ಲ. ಈ ತಾಕನ್ನು ಬೇರು ಸಮೇತ ತೆಗೆದು ಸುಡಬೇಕೆಂದು ಭೇಟಿ ಪುಸ್ತಕದಲ್ಲಿ ಬರೆದು ಬಂದಿದ್ದೇನೆ.

ಮುಚ್ಚಿಗೆಯ ವಿಷಯದಲ್ಲಿ ತೋಟ ಚೆನ್ನಾಗಿ ಕೆಲಸ ಮಾಡಿದೆ. ಗಿಡಗಳ ಬುಡಕ್ಕೆ ನಾಲ್ಕು ಬೆರಳು ದಪ್ಪ ದರಕು (ಉದುರಿದ ಒಣ ಎಲೆ), ಅದರ ಮೇಲೆ ತೆಂಗಿನಸಿಪ್ಪೆಯನ್ನು ಬೋರಲಾಗಿ ಜೋಡಿಸಿದ್ದಾರೆ. ಎಪ್ರಿಲ್ ಮಧ್ಯಾಹ್ನ ಆ ಸಿಪ್ಪೆಯನ್ನು ಎತ್ತಿ ಬೆರಳಿಟ್ಟರೆ ಒಳಗೆ ತೇವ ಸಿಕ್ಕಿತು, ಪಕ್ಕದ ಬರಿನೆಲ ಕೈ ಸುಡುತ್ತಿತ್ತು. ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟದಿಂದ ದರಕು ಹೊತ್ತು ಹಾಕುವುದನ್ನು ನೋಡಿ ಬೆಳೆದವರಿಗೆ ಇದು ಹೊಸದಲ್ಲ. ಆದರೆ ಪೇಟೆಗೆ ಬಂದ ಮೇಲೆ ನಾವೆಲ್ಲ ಅದೇ ದರಕನ್ನು ಗುಡಿಸಿ ಬೆಂಕಿ ಹಾಕುವವರಾಗಿದ್ದೇವೆ. ಗೋಡೆಗೆ ತಾಗಿಸಿ ದರಕು ಹಾಕಿದರೆ ಒರಲೆ (ಗೆದ್ದಲು) ಮನೆಯೊಳಗೆ ಬರುತ್ತದೆ, ಒಂದು ಮಾರು ಜಾಗ ಬಿಡಬೇಕು ಎಂಬುದನ್ನು ಮಾಲಿಯವರು ನಾನು ಕೇಳಿದ ಮೇಲೆ ಹೇಳಿದರು.

ನನ್ನ ಮುಖ್ಯ ಆಕ್ಷೇಪ ತೋಟದಲ್ಲಿ ಇರುವುದರ ಬಗ್ಗೆ ಅಲ್ಲ, ಇಲ್ಲದಿರುವುದರ ಬಗ್ಗೆ. ನಮ್ಮ ಕಡೆ ಮನೆಯ ಮುಂದೆ ಹುಲ್ಲುಹಾಸು ಇದ್ದದ್ದು ಯಾವಾಗ? ಇದ್ದದ್ದು ಅಂಗಳ. ಮಳೆಗಾಲ ಮುಗಿದ ಮೇಲೆ ಕೆತ್ತಿ, ಹದಮಣ್ಣು ಹಾಕಿ, ನೀರು ಚಿಮುಕಿಸಿ ಬಡಿದು ಗಟ್ಟಿಮಾಡಿ, ಸಗಣಿ ಸಾರಿಸಿದರೆ ಅದರ ಮೇಲೆ ಅಡಿಕೆ ಒಣಗುತ್ತಿತ್ತು, ಹಪ್ಪಳ ಒಣಗುತ್ತಿತ್ತು, ಮಕ್ಕಳು ಆಡುತ್ತಿದ್ದರು, ಮದುವೆಯ ಚಪ್ಪರ ಏಳುತ್ತಿತ್ತು. ಮಳೆಗಾಲಕ್ಕೆ ಅಡಿಕೆ ದಬ್ಬೆ ಹಾಸಿದರೆ ಕಾಲಿಗೆ ಕೆಸರಾಗುತ್ತಿರಲಿಲ್ಲ. ಬೇಸಿಗೆಯಲ್ಲಿ ಅದಕ್ಕೆ ಬೇಕಾದ ನೀರು ಸಾರಿಸುವ ದಿನದ ಒಂದೆರಡು ಕೊಡ. ಇಂದು ಕಾರವಾರದಲ್ಲಾಗಲಿ ಶಿರಸಿಯಲ್ಲಾಗಲಿ ಹುಲ್ಲುಹಾಸಿನ ನೀರಿಗೆ ಹೆದರಿದವರು ಗಿಡದ ಕಡೆಗೆ ಹೋಗುತ್ತಿಲ್ಲ, ಇಂಟರ್‌ಲಾಕ್ ಕಲ್ಲು ಹಾಸಿಸುತ್ತಿದ್ದಾರೆ. ಅದಕ್ಕೆ ನೀರು ಬೇಡ ನಿಜ, ಆದರೆ ಸಿಮೆಂಟಿನ ಅಡಿಪಾಯದ ಮೇಲೆ ಕೂರಿಸಿದ ಆ ಕಲ್ಲು ಮೂರು ಲಕ್ಷ ಲೀಟರ್ ಮಳೆಯಲ್ಲಿ ಬಹುಪಾಲನ್ನು ರಸ್ತೆಗೆ ದಬ್ಬುತ್ತದೆ, ಬೇಸಿಗೆಯಲ್ಲಿ ರಾತ್ರಿ ಒಂಬತ್ತಕ್ಕೂ ಬಿಸಿ ಬಿಡುತ್ತಿರುತ್ತದೆ. ಹುಲ್ಲುಹಾಸಿನ ಬದಲಿಗಳನ್ನು ತೋರಿಸುವ ತೋಟದಲ್ಲಿ ಒಂದು ಮಣ್ಣಿನ ಅಂಗಳ, ಅದರ ಪಕ್ಕದಲ್ಲಿ ಒಂದು ತುಂಡು ಇಂಟರ್‌ಲಾಕ್, ಎರಡರ ಕೆಳಗಂಚಿನಲ್ಲೂ ಒಂದೊಂದು ಇಂಗುಗುಂಡಿ ಇಟ್ಟು ಯಾವುದರಿಂದ ಎಷ್ಟು ನೀರು ಹರಿದು ಬರುತ್ತದೆ ಎಂದು ಜನರೇ ನೋಡುವಂತೆ ಮಾಡಬೇಕು. ಇದಕ್ಕೆ ಹೆಚ್ಚು ಖರ್ಚಿಲ್ಲ, ಮೊದಲ ತಾಕಿನ ಕಳ್ಳಿಗಳನ್ನು ತೆಗೆದರೆ ಜಾಗವೂ ಸಿಗುತ್ತದೆ.

ಹೋಗುವವರಿಗೆ ಕೆಲವು ಮಾತು. ಪ್ರವೇಶಕ್ಕೆ ಹಣವಿಲ್ಲ. ಕೂರಲು ಕಟ್ಟೆ ಎರಡೇ ಇವೆ, ನೆರಳು ಮಾವಿನ ಮರದಡಿ ಮಾತ್ರ. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಬೆಳಿಗ್ಗೆ ಹತ್ತರೊಳಗೆ ಮುಗಿಸಿ. ಚಿರೆಕಲ್ಲಿನ ಮೆಟ್ಟಿಲುಗಳು ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತವೆ, ಕೈಹಿಡಿ ಇಲ್ಲ. ಗೇಟಿನ ಬಳಿ ಸಸಿ ಮಾರುತ್ತಾರೆ, ನಾನು ನೆಲಹಿಪ್ಪಲಿಯ ಹತ್ತು ಪೊಟ್ಟಣಗಳನ್ನು ಒಂದಕ್ಕೆ ಇಪ್ಪತ್ತು ರೂಪಾಯಿಯಂತೆ ತಂದೆ. ತುಂಡಿನಿಂದಲೇ ಬರುವ ಗಿಡವಾದ್ದರಿಂದ ಅಷ್ಟು ಕೊಳ್ಳುವ ಅಗತ್ಯವೇ ಇರಲಿಲ್ಲ, ಮೂರು ಸಾಕಾಗಿತ್ತು. ಮನೆಯ ಹುಲ್ಲುಹಾಸಿನ ಅರ್ಧವನ್ನು ಆಗಸ್ಟ್ ಕೊನೆಯಲ್ಲಿ ಕಿತ್ತು, ಒಂದೊಂದು ಗೇಣಿಗೆ ಒಂದರಂತೆ ನೆಟ್ಟೆ. ದಸರೆಯ ಹೊತ್ತಿಗೆ ನಡುವಿನ ಬರಿನೆಲ ಮುಚ್ಚಿಕೊಂಡಿತ್ತು, ದೀಪಾವಳಿಗೆ ಬಳ್ಳಿ ಬಾವಿಕಟ್ಟೆಯ ಬುಡ ಮುಟ್ಟಿತ್ತು. ಉಳಿದ ಅರ್ಧದ ಹುಲ್ಲನ್ನು ಈ ಬೇಸಿಗೆಗೆ ಹಾಗೆಯೇ ಬಿಟ್ಟಿದ್ದೇನೆ. ಎರಡಕ್ಕೂ ಹಾಕುವ ನೀರನ್ನು ಕೊಡಗಳ ಲೆಕ್ಕದಲ್ಲಿ ಬರೆದಿಡುತ್ತಿದ್ದೇನೆ, ಎಪ್ರಿಲ್ ಬಂದಾಗ ಬಾವಿಯ ನೀರನ್ನು ಬಾಯಿಗೆ ಹಾಕಿ ನೋಡಬೇಕು.